ಮೂರು ಗುಲಗಂಜಿ ಹೆಚ್ಚು

ಚೌಡಯ್ಯ ಸಿಪಾಯಿ ಬೊಂಬೆಗಳ ಡಬ್ಬಿಗೆ ಹುರಿ ಸುತ್ತಿ ಎರಡನೇ ಗಂಟು ಬಿಗಿಯುತ್ತಿದ್ದ. ಮೂಗಮ್ಮ ಒಳಗಿನಿಂದ ಬಂದವಳೇ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಭಾವ, ಇದು ಗುಂಡಿಯೊಳಕ್ಕೆ ಬ್ಯಾಡ.”

“ಏನವ್ವಾ ನೀನು! ತಮ್ಮನ ಕೈಗೆ ಹತ್ತಿದ್ದ ಸಾಮಾನು ಅವನ ಜೊತೇಲೇ ಓಗ್ಬೇಕು. ನಮ್ಮಪ್ಪನ ಜೊತೆ ಇಕ್ಕಳ ಓಯ್ತು, ತಾತನ ಜೊತೆ ಸುತ್ತಿಗೆ ಓಯ್ತು. ನಮ್ಮನೇಲಿ ಬರಿಗೈಲಿ ಓದೋರು ಯಾರೂ ಇಲ್ಲ.”

ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಗಂಡ ಮಂಜುನಾಥಾಚಾರಿಯ ಕೊರಳಲ್ಲಿ ಹೂವಿನ ಹಾರವಿತ್ತು. ಉಗುರುಸಂದಿಯ ಹಸಿರು ಬಣ್ಣ ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

“ಬುಡವ್ವ, ಮೇಲ್ಗಡೆನೂ ಯುದ್ಧ ಮಾಡ್ಲಿ ನಮ್ಮಾಚಾರಿ,” ಅಂದ ಪಕ್ಕದ ಮನೆಯ ಕರಿಯಯ್ಯ. “ಮಗ ಗಡೀಲಿ, ಅಪ್ಪ ಟೇಬಲ್ ಮ್ಯಾಲೆ. ಹುಲಿ ವಂಶ ಕಣ್ಲಾ!”

ಒಂದಿಬ್ಬರು ನಕ್ಕರು. ಕರಿಯಯ್ಯನ ಮೂವರು ಗಂಡುಮಕ್ಕಳಲ್ಲಿ ಒಬ್ಬನೂ ಸೈನ್ಯದ ಕಡೆ ತಲೆಹಾಕಿ ಮಲಗಿದವನಲ್ಲ. ಊರವರ ಮಗನನ್ನು ಹುಲಿ ಅನ್ನುವುದಕ್ಕೆ ಅವನ ಗಂಟೇನು ಹೋಗುತ್ತಿತ್ತು?

ಮೂಗಮ್ಮ ಡಬ್ಬಿಯನ್ನು ಎದೆಗೊತ್ತಿಕೊಂಡೇ ನಿಂತಳು. ಆ ಡಬ್ಬಿಯೊಳಗೆ ತನ್ನ ಮಗನಿದ್ದಾನೆ ಅಂತ ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಟ್ಟರೆ? ಗುರುವಾರ ಅರುಣ್ ರಜೆ ಮುಗಿಸಿ ಗಡಿಗೆ ಹೊರಡಬೇಕು.

“ವಸಿ ಹೊತ್ತು ಕೊಡಿ ಭಾವ. ಒಂದ್ಸಲ ನೋಡಿ ಕೊಡ್ತೀನಿ.”

“ಬಿರ್ನೆ ನೋಡು. ಗುಂಡಿ ತೋಡಿ ಆಯ್ತಂತೆ. ಅರುಣ ಜಾಗ ತೋರಿಸೋಕೆ ಓದೋನು ವಾಪಸ್ ಬತ್ತಾವ್ನೆ. ಅವನು ಬಂದೇಟ್ಗೆ ಎತ್ತೋದೇಯ.”

*

ನಾಗಮಂಗಲದ ಒಡವೆ ಕೆಲಸವನ್ನೆಲ್ಲ ದೊಡ್ಡ ಅಂಗಡಿಗಳು ನುಂಗಿದ ಮೇಲೆ ಆಚಾರಿಗೆ ಸಿಕ್ಕಿದ್ದು ಸಿಪಾಯಿಗಳ ಕೆಲಸ. ಮೈಸೂರಿನಲ್ಲಿ ಮೇಜಿನ ಮೇಲೆ ಯುದ್ಧದಾಟ ಆಡುವವರ ಗುಂಪೊಂದಿತ್ತು. ಬೇರೆಬೇರೆ ಕಂಪನಿಗಳಿಂದ ತರಿಸಿದ, ಹೆಬ್ಬೆರಳ ಉಗುರಿನಷ್ಟೇ ಎತ್ತರದ ತವರದ ಸಿಪಾಯಿಗಳನ್ನು ಅವರು ತಂದು ಸುರಿಯುತ್ತಿದ್ದರು. ಯಾರ ಸಿಪಾಯಿ ಯಾರ ಪಕ್ಕದಲ್ಲಿ ನಿಂತರೆ ಒಂದೇ ಪಡೆಯವನಂತೆ ಕಾಣುತ್ತಾನೆ ಎಂದು ಹೋಲಿಸಿ, ಬಣ್ಣ ಬಳಿದು ಕೊಡಬೇಕು. ಕಂಪನಿಗಳ ಹೆಸರು ಅವನ ಬಾಯಿಗೆ ಹತ್ತಲಿಲ್ಲ. ಪೆಟ್ಟಿಗೆಯ ಬಣ್ಣದಿಂದಲೇ ಗುರುತಿಟ್ಟುಕೊಂಡ.

“ನೀಲಿಯೋರ ಬಂದೂಕು ನೋಡು ಮಗ, ಕೂದಲೆಳೆ. ಮುಟ್ಟಿದ್ರೆ ಬಗ್ತದೆ,” ಎಂದು ಮಗಳು ಭೂಮಿಕಳಿಗೆ ತೋರಿಸುತ್ತಿದ್ದ. “ಕಂದು ಪೆಟ್ಟಿಗೆಯೋರ್ದು ತಲೆ ದಪ್ಪ. ಕೆಂಪಿನೋರು ಕಾಲಡಿ ಬಿಲ್ಲೆ ದಪ್ಪ ಮಾಡಿ ಆಳ್ನ ಎತ್ರ ತೋರಿಸ್ತಾರೆ, ಕಳ್ನನ್ಮಕ್ಳು!”

ಒಂದು ದಿನ ಆ ಮೈಸೂರಿನವರು ಮನೆಯಲ್ಲೇ ಆಡಿದರು. ಮೂಗಮ್ಮ ಕಾಫಿ ತಂದಳು. ದಾಳ ಉರುಳಿತು. ಅವರಲ್ಲೊಬ್ಬ ಒಂದೇ ಬೆರಳಿನಿಂದ ಒಬ್ಬ ಸಿಪಾಯಿಯನ್ನು ಅಡ್ಡ ಮಲಗಿಸಿ, “ಇವನು ಹೋದ,” ಅಂದು ಅದೇ ಬೆರಳಿನಿಂದ ಲೋಟ ಹಿಡಿದ.

ಅರುಣನಿಗೆ ಗಡಿಯ ಕಡೆ ವರ್ಗವಾದ ವಾರ ಆಚಾರಿ ತಾನೇ ಒಂದು ಸಿಪಾಯಿಯನ್ನು ಎರಕ ಹೊಯ್ದ.

“ಬಾರೆ, ನೋಡಿಲ್ಲಿ. ನಮ್ಮ ಅರುಣ. ನಿನ್ನ ಹಳೇ ಕಾಲುಂಗುರದ ಬೆಳ್ಳೀಲಿ ಮಾಡಿವ್ನಿ. ಆ ತವರದೋರಿಗಿಂತ ಮೂರು ಗುಲಗಂಜಿ ಹೆಚ್ಚು ತೂಗ್ತಾನೆ ನನ್ಮಗ.”

“ಆ ಹೆಣಗಳ ಜೊತೆ ನನ್ನ ಮಗನ್ನ ಯಾಕೆ ಸೇರಿಸ್ತೀರಿ?” ಮೂಗಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಅವಳು ನೋಡಲೇ ಇಲ್ಲ. ಬೆಳ್ಳಿಯ ಮೇಲೂ ಹಸಿರು ಬಣ್ಣ ಬಿತ್ತು. ಅವನೂ ಡಬ್ಬಿ ಸೇರಿದ.

*

ಭೂಮಿಕ ಕೋಣೆಯಲ್ಲಿ ಡಬ್ಬಿಯನ್ನು ಮೊರಕ್ಕೆ ಸುರಿದಳು. ಅರವತ್ತು ಎಪ್ಪತ್ತು ಸಿಪಾಯಿಗಳು, ಎಲ್ಲರದೂ ಒಂದೇ ಹಸಿರು. ಮೂಗಮ್ಮ ಅತ್ತ ಬೆನ್ನುಹಾಕಿ, ಬಾಗಿಲ ಚಿಲಕ ಹಿಡಿದು ನಿಂತಳು.

“ಬೇಗ ಕಣೆ.”

“ಸುಮ್ಕಿರವ್ವ. ನೀಲಿ… ನೀಲಿ… ತಲೆ ದಪ್ಪ, ಇವ್ನು ಕಂದು…”

ಹೊರಗೆ ತಮಟೆ ಶುರುವಾಯಿತು. ಬೈಕು ನಿಂತ ಸದ್ದು, ಹಿಂದೆಯೇ ಅರುಣನ ದನಿ: “ದೊಡ್ಡಪ್ಪ, ಎಲ್ಲಾ ಆಯ್ತು.”

“ಮೂಗಮ್ಮಾ!”

“ಬಂದೆ ಭಾವ! ಲೇ, ಸಿಗ್ಲಿಲ್ವೇನೆ? ನನ್ನ ಮಗ ಮಣ್ಣಿಗೋಯ್ತಾನೆ ಕಣೆ!”

“ಯಾರ ಪೆಟ್ಟಿಗೇಗೂ ಸೇರ್ದೇ ಇರೋನು ಒಬ್ನವ್ನೆ. ತಡಿ, ತೂಗ್ತೀನಿ.”

ಚಿನ್ನದ ತಕ್ಕಡಿಯ ತಟ್ಟೆ ಠಣ್ ಎಂದು ನೆಲಕ್ಕೆ ತಾಗಿತು.

“ಏನಾಯ್ತೆ?”

ಮಗಳು ಎದ್ದುಬಂದು ತಾಯಿಯ ಅಂಗೈಗೆ ಅದನ್ನಿಟ್ಟು ಬೆರಳು ಮಡಿಚಿದಳು. “ಇವ್ನೇ. ಈಗ ನೋಡ್ಬ್ಯಾಡ. ಸೆರಗಿಗೆ ಕಟ್ಕೊ.”

ಡಬ್ಬಿ ಅಪ್ಪನ ಮಡಿಲಲ್ಲಿ ಕೂತು ಹೋಯಿತು. ಅದನ್ನು ಗುಂಡಿಯಲ್ಲಿ ಇಟ್ಟವನು ಅರುಣನೇ.

*

ಮಧ್ಯಾಹ್ನ ಮೂರಕ್ಕೆ ಜನ ಚದುರಿದ್ದರು. ಮೂಗಮ್ಮ ಕುಲುಮೆಯ ಮೂಲೆಯಲ್ಲಿ ಗಂಡನ ಹೆಸರಲ್ಲಿ ಹಚ್ಚಿಟ್ಟಿದ್ದ ದೀಪದ ಮುಂದೆ ಕೂತು ಸೆರಗಿನ ಗಂಟು ಬಿಚ್ಚಿದಳು.

ಸಿಪಾಯಿ ಮಲಗಿದ್ದ. ಬೋರಲು.

ಅವಳು ಅವನನ್ನೆತ್ತಿ ದೀಪದ ಕಂಬಕ್ಕೆ ಒರಗಿಸಿದಳು. ಜಾರಿ ಬಿದ್ದ. ಮತ್ತೆ ಒರಗಿಸಿದಳು. ಕಾಲಡಿ ಬಿಲ್ಲೆಯೇ ಇರಲಿಲ್ಲ, ಹೊಟ್ಟೆಯೇ ಚಪ್ಪಟೆ.

“ನಿಮ್ಮಪ್ಪ ಇದೇನೆ ಮಾಡವ್ರೆ?”

“ಬಗ್ಗಿ ಮಲಗಿದ್ರೆ ಗುಂಡು ಮೇಲೆ ಓಯ್ತದೆ ಅಂತ ಅಪ್ಪ ಹೇಳೋರು ಕಣವ್ವ. ಅದ್ಕೇ ಇಂಗೆ ಮಾಡವ್ರೆ.” ಭೂಮಿಕ ತಾಯಿಯ ಮುಖ ನೋಡಲಿಲ್ಲ.

“ಕೈಲಿ ಬಂದೂಕು ಐತಾ, ನೋಡು.”

ಭೂಮಿಕ ಅಪ್ಪನ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡಳು. ತುಂಬ ಹೊತ್ತು ನೋಡಿದಳು.

“ಕಾಣಾಕಿಲ್ಲ. ಬಣ್ಣ ಮೆತ್ಕೊಂಡದೆ. ಮೈ ಅಡೀಲಿ ಇರ್ಬೋದು.”

“ಕಣ್ಣು? ಬಿಟ್ಟವ್ನಾ?”

“ಅವ್ವ, ಇಷ್ಟು ಸಣ್ಣದ್ರಲ್ಲಿ ಕಣ್ಣು ಎಲ್ಲಿಂದ ತರ್ಲಿ?”

ಮೂಗಮ್ಮ ಎದ್ದು ಹೊರಗೆ ಬಂದಳು. ಬೆಳಿಗ್ಗೆ ಅಪ್ಪನನ್ನು ಕೂರಿಸಿದ್ದ ಜಗಲಿಯಲ್ಲಿ ಅರುಣ್, ಮಿಂದ ಒದ್ದೆ ಪಂಚೆಯಲ್ಲೇ ನಿದ್ದೆ ಹೋಗಿದ್ದ. ಬೋರಲಾಗಿ, ಕೆನ್ನೆ ನೆಲಕ್ಕಿಟ್ಟು, ಎರಡೂ ಕೈ ಮೈ ಅಡಿ ಮಡಿಚಿಕೊಂಡು.

ಅವಳು ಪಕ್ಕದಲ್ಲಿ ಕುಕ್ಕರಿಸಿ, ಒಂದು ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು.