ಒಣ ಸಾಣೆ

"ಸತ್ತೋನು ಸತ್ತ. ಮಾಸ್ಕ್ ಎಲ್ಲಿಟ್ಟು ಸತ್ತ ಅಂತ ಕೇಳ್ತಿದೀನಿ."

ಕಲ್ಲು ಸಾಣೆ ಕಾರ್ಖಾನೆಯ ಮೇಸ್ತ್ರಿ ಹೊಸ್ತಿಲಿನ ಆಚೆಯೇ ನಿಂತಿದ್ದ. ಒಳಗೆ ಬಂದರೆ ಸಾವಿನ ಮನೆಗೆ ಬಂದಂತಾಗುತ್ತದೆ, ಎರಡು ಒಳ್ಳೆಯ ಮಾತಾಡಬೇಕಾಗುತ್ತದೆ. ಹೊರಗೆ ನಿಂತರೆ ಆ ತೊಂದರೆಯಿಲ್ಲ.

ಅವಳು ಬಚ್ಚಲಲ್ಲಿ ಕೂತು ಗಂಡನ ಕೆಲಸದ ಅಂಗಿ ಹಿಂಡುತ್ತಿದ್ದಳು. ಮೂರನೆಯ ಸಲ ನೀರು ಬದಲಾಯಿಸಿದ್ದಳು. ಮೂರನೆಯ ನೀರೂ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನೆಂಟರೆಲ್ಲ ಹೊರಟುಹೋಗಿ, ಮನೆಯವರು ಮಾತ್ರ ಎದ್ದ ಮೊದಲ ಬೆಳಗು ಇದು. ಮಾಡುವುದಕ್ಕೆ ಏನಾದರೂ ಬೇಕಿತ್ತು, ಅಂಗಿ ಇತ್ತು.

"ಯಾವ ಮಾಸ್ಕೋ?" ಅತ್ತೆ ಒಳಗಿಂದಲೇ ಕೇಳಿದರು.

"ನಿನ್ ಮಗ ಇಸ್ಕೊಂಡು ಬಂದದ್ದಜ್ಜೀ. ಹೋದ ತಪಾಸಣೆ ದಿನ, 'ಇವತ್ತೊಂದಿನ ಮನೆಗೆ ಒಯ್ತೀನಿ ಮೇಸ್ತ್ರಿ, ನಾಳೆ ತಂದು ಬೀರುವಿಗೆ ಹಾಕ್ತೀನಿ' ಅಂದ. ಏಳು ತಿಂಗಳಾಯ್ತು, ಆ ನಾಳೆ ಇನ್ನೂ ಬಂದಿಲ್ಲ. ಇವತ್ತು ಹನ್ನೊಂದಕ್ಕೆ ಸಾಹೇಬ್ರು ಬರ್ತಾರೆ. ಹನ್ನೆರಡು ಚಕ್ರ, ಹನ್ನೊಂದು ಮಾಸ್ಕು. ಯಜಮಾನ್ರು ನನ್ನ ಬುಡಕ್ಕೆ ಬೆಂಕಿ ಇಡ್ತಾರೆ."

"ನಿನ್ ಬಾಯಿಗೆ ಮಣ್ಣು ಹಾಕ. ಗುಂಡಿ ಮೇಲಿನ ಪಸೆ ಆರಿಲ್ಲ, ವಸೂಲಿಗೆ ಬಂದುಬಿಟ್ಟ."

"ಮಣ್ಣು ಯಾರ ಬಾಯಿಗೆ ಬಿತ್ತು ಅಂತ ಊರಿಗೇ ಗೊತ್ತು ಬಿಡಜ್ಜೀ." ಮೇಸ್ತ್ರಿ ಕತ್ತು ಉದ್ದ ಮಾಡಿ ಬಚ್ಚಲ ಕಡೆ ನೋಡಿದ. "ಏನ್ ಡಿಗ್ರಿಯಮ್ಮ, ನೀನೂ ಹೊರಡು. ನಿನ್ ಮೇಜಿನ ಮೇಲೆ ಕಲ್ಲು ಗುಡ್ಡೆ ಬಿದ್ದಿದೆ. ಹಿಂಗೆ ಮುಂಡೆ ಥರ ಮೂಲೇಲಿ ಕೂತ್ರೆ ಯಜಮಾನ್ರು ಕಾಯ್ಕೊಂಡಿರ್ತಾರಾ?"

ಆ ಮಾತನ್ನು ಅವನು ಕಾರ್ಖಾನೆಯ ಹೆಂಗಸರಿಗೆಲ್ಲ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ. ಗಂಡಂದಿರು ಗಟ್ಟಿಮುಟ್ಟಾಗಿದ್ದವರಿಗೂ ಅನ್ನುತ್ತಿದ್ದ. ಇವತ್ತು ಮಾತ್ರ ಅದು ಸರಿಯಾದ ವಿಳಾಸಕ್ಕೆ ಬಂದಿತ್ತು. ಅವನಿಗೂ ಹೊಳೆದಿರಬೇಕು, ಮುಖ ತಿರುಗಿಸಿ ಚರಂಡಿಗೆ ಉಗುಳಿದ.

"ತರ್ತೀನಿ," ಎಂದಳು ಅವಳು. "ಯಜಮಾನ್ರ ಕೈಗೇ ಕೊಡ್ತೀನಿ."

ಮಾಸ್ಕ್ ಟ್ರಂಕಿನಲ್ಲಿತ್ತು, ಗಂಡನ ಮದುವೆಯ ಪಂಚೆಯೊಳಗೆ. ಡಾಕ್ಟರು ಅವನ ಎದೆಯ ಫೋಟೋವನ್ನು ಕಿಟಕಿಗೆ ಹಿಡಿದು, "ಕಲ್ಲಿನ ಪುಡಿ. ಒಳಗೆ ಹೋಗಿ ಕೂತದ್ದನ್ನ ತೆಗೆಯೋ ಔಷಧ ಇಲ್ಲ. ಇನ್ನು ಮೇಲಾದ್ರೂ ಮಾಸ್ಕ್ ಹಾಕ್ಕೊಳ್ಳಿ," ಅಂದಿದ್ದ ವಾರ ಅವನು ಅದನ್ನು ಇಸ್ಕೊಂಡು ಬಂದಿದ್ದ. ತಪಾಸಣೆಯ ದಿನ ಬೆಳಿಗ್ಗೆ ಹಂಚಿ ಸಂಜೆ ವಾಪಸ್ ಇಸ್ಕೊಂಡು ಬೀರುವಿಗೆ ಹಾಕುವ ಸಾಮಾನು ಅದು. ವಾಪಸ್ ಕೊಡದೆ ಉಳಿಸಿಕೊಂಡದ್ದನ್ನು ಕೆಲಸದ ಜಾಗದಲ್ಲಿ ಹಾಕಿಕೊಳ್ಳುವ ಹಾಗಿರಲಿಲ್ಲ. ರಜದ ದಿನ ಮಧ್ಯಾಹ್ನ ಚಾಪೆಯ ಮೇಲೆ ಮಲಗಿ ಹಾಕಿಕೊಂಡ. ನಾಲ್ಕು ಉಸಿರಿಗೇ ಕಿತ್ತು ತೆಗೆದು ನಗತೊಡಗಿದ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಧೂಳೆಲ್ಲ ಒಳಗೇ ಇದೆ ಕಣೇ. ಬಾಗಿಲು ಹಾಕಿಬಿಟ್ರೆ ಪಾಪ ಅದು ಹೊರಗೆ ಹೋಗೋದು ಹೆಂಗೆ?" ಎಂದ.

ಅಷ್ಟೇ. ಮತ್ತೆ ಅದನ್ನು ಮುಟ್ಟಲಿಲ್ಲ.

"ಅತ್ತಿಗೆ, ಅಂಗಿ ಕೊಡಿ." ಮೈದುನ ಬರಿಮೈಯಲ್ಲಿ ನಿಂತಿದ್ದ.

"ಇನ್ನೂ ಹಸಿ."

"ಮೈ ಮೇಲೇ ಒಣಗುತ್ತೆ ಬಿಡಿ."

ಇಪ್ಪತ್ತಮೂರು ವರ್ಷ. ಮರದ ಅಡ್ಡೆಯಲ್ಲಿ ಹಲಗೆ ಹೊರುತ್ತಿದ್ದವನು. ಎರಡು ಹಲಗೆ ಹೆಗಲಿಗೇರಿಸಿ ಸಿಳ್ಳೆ ಹಾಕುತ್ತ ಮೂರು ಮಹಡಿ ಹತ್ತಿಬಿಡುವ ಎದೆ. ಇವತ್ತಿನಿಂದ ಅಣ್ಣನ ಚಕ್ರಕ್ಕೆ ಅವನು.

"ಹೋಗಬೇಡ ಅಂತ ನೀನಾದ್ರೂ ಹೇಳೇ," ಅತ್ತೆ ಅವಳ ಸೆರಗು ಹಿಡಿದರು. "ಇದ್ದದ್ದು ಎರಡು. ಒಂದನ್ನ ಆ ಚಕ್ರ ತಿಂದಾಯ್ತಲ್ಲ."

"ಹೋಗದೆ? ಮನೇಲಿ ಕೂತು ತಿನ್ನೋಕೆ ನಾನೇನು ಯಜಮಾನ್ರ ಅಳಿಯನಾ?" ಎಂದ ಅವನು, ಹಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಅವಳು ಅತ್ತೆಯ ಕೈಯಿಂದ ಸೆರಗು ಬಿಡಿಸಿಕೊಂಡಳು. ಚೀಲಕ್ಕೆ ಮಾಸ್ಕ್ ಹಾಕಿಕೊಂಡು ಅವನ ಹಿಂದೆ ಹೊರಟಳು.

ಅವಳ ಕೆಲಸ ಗೀರು ಹುಡುಕುವುದು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಎರಡು ವರ್ಷ ಅರ್ಜಿ ಹಾಕಿ ಸೋತ ಮೇಲೆ ಸಿಕ್ಕ ಕೆಲಸ. ಕೆಳಗೆ ಚಪ್ಪಟೆ, ಮೇಲೆ ಗುಮ್ಮಟದ ಹಾಗೆ ಉಬ್ಬಿದ ಉಂಗುರದ ಕಲ್ಲುಗಳು. ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿ, ಮೊದಲು ಒರಟು ಚಕ್ರ, ಆಮೇಲೆ ನಯ, ಆಮೇಲೆ ಇನ್ನೂ ನಯ, ಕೊನೆಗೆ ತೊಗಲಿನ ಚಕ್ರ. ಒಂದೊಂದು ಚಕ್ರವೂ ತನ್ನ ಹಿಂದಿನ ಚಕ್ರ ಮಾಡಿದ ಗೀರನ್ನು ಪೂರ್ತಿ ಅಳಿಸಬೇಕು. ಎಲ್ಲೋ ಒಂದು ಉಳಿದರೆ ತೊಗಲಿನ ಚಕ್ರಕ್ಕೆ ಬಂದಾಗ ಅದೇ ಎದ್ದು ಕಾಣುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎರಡು ಚಕ್ರ ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ. ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಕಲ್ಲನ್ನು ಒರೆಸಿ ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡುತ್ತಾಳೆ. ಗುಮ್ಮಟದ ಮೇಲೆ ದೀಪದ ಬಿಳಿ ಗೆರೆ ಜಾರುತ್ತದೆ. ಗೀರಿದ್ದಲ್ಲಿ ಆ ಗೆರೆ ಒಂದು ಕ್ಷಣ ನಡುಗುತ್ತದೆ. ಅಲ್ಲಿಗೆ ಕಪ್ಪು ಪೆನ್ನಿನಿಂದ ಚುಕ್ಕಿ ಇಟ್ಟು ವಾಪಸ್.

ಗಂಡ ಅವಳ ಜೊತೆ ಮೊದಲ ಸಲ ಮಾತಾಡಿದ್ದು ಒಂದು ಚುಕ್ಕಿಗಾಗಿ ಜಗಳಕ್ಕೆ ಬಂದು. "ಮೇಡಂ, ಇದು ಗೀರಲ್ಲ, ನಿಮ್ಮ ರೆಪ್ಪೆಕೂದಲು," ಎಂದು ಅದನ್ನು ಊದಿ ತೋರಿಸಿದ್ದ. ನಿಜಕ್ಕೂ ರೆಪ್ಪೆಕೂದಲೇ ಆಗಿತ್ತು. ಒಂದೇ ಉಸಿರಿಗೆ ಹಾರಿಹೋಗಿತ್ತು. ಆಗ ಅವನಲ್ಲಿ ಅಂಥ ಉಸಿರಿತ್ತು.

ಮದುವೆಯಾದ ಮೇಲೆ ಅವಳು ಅವನ ಕಲ್ಲುಗಳನ್ನು ಎರಡೆರಡು ಸಲ ನೋಡತೊಡಗಿದಳು. ಗಂಡನ ಕಲ್ಲೆಂದು ಕಣ್ಣು ಮುಚ್ಚಿ ಬಿಡುತ್ತಾಳೆ ಎಂದು ಯಾರೂ ಆಡಿಕೊಳ್ಳಬಾರದಿತ್ತು. ಬೇರೆಯವರದಾದರೆ ಬಿಟ್ಟುಬಿಡಬಹುದಾದ ಕೂದಲೆಳೆಯಂಥ ಗೀರಿಗೂ ಚುಕ್ಕಿ ಇಟ್ಟಳು. ಅವನು ಒಂದು ಮಾತೂ ಆಡದೆ ತೆಗೆದುಕೊಂಡು ಹೋಗಿ ಒಣ ಚಕ್ರಕ್ಕೆ ಒತ್ತುತ್ತಿದ್ದ.

ಒಣ ಚಕ್ರ ಏಕೆಂದರೆ ನೀರು ಗೀರನ್ನು ಮುಚ್ಚುತ್ತದೆ. ಒದ್ದೆ ಕಲ್ಲು ಯಾವಾಗಲೂ ಹೊಳೆಯುತ್ತದೆ. ನಿಲ್ಲಿಸಿ, ಒರೆಸಿ, ಆರಿಸಿ ನೋಡಿದರಷ್ಟೇ ಗೀರು ಕಾಣುವುದು. ಪುಡಿ ಏಳದಂತೆ ಚಕ್ರದ ಮೇಲೆ ಇಟ್ಟ ನಲ್ಲಿಯನ್ನು ಕಟ್ಟಿಬಿಟ್ಟರೆ ನಿಲ್ಲಿಸುವ, ಒರೆಸುವ ಕೆಲಸವೇ ಇಲ್ಲ. ಕಣ್ಣೆದುರೇ ಗೀರು ಮಾಯವಾಗುತ್ತದೆ. ಒಂದು ಕಲ್ಲಿನ ಹೊತ್ತಿಗೆ ಎರಡು ಕಲ್ಲು. ಮಾಯವಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ತಪಾಸಣೆಯ ದಿನವೆಂದು ಅವತ್ತು ಎಲ್ಲ ನಲ್ಲಿಗಳನ್ನೂ ತಿರುಗಿಸಿದ್ದರು. ಏಳು ತಿಂಗಳು ಒಣಗಿದ್ದ ಕೊಳವೆಗಳು ಮೊದಲು ಗಾಳಿ ಕೆಮ್ಮಿ, ಆಮೇಲೆ ಕೆಸರು ಉಗುಳಿ, ಆಮೇಲೆ ನೀರು ಬಿಟ್ಟವು. ನೆಲ ತೊಳೆದಿದ್ದರು. ಹನ್ನೊಂದು ಜನ ಬೀರುವಿನಿಂದ ಬಂದ ಬಿಳಿ ಮಾಸ್ಕ್ ಹಾಕಿಕೊಂಡು, ಮದುವೆಮನೆಯಲ್ಲಿ ಹೊಸ ಬಟ್ಟೆ ಹಾಕಿದವರ ಹಾಗೆ ಒಬ್ಬರನ್ನೊಬ್ಬರು ಕದ್ದು ನೋಡುತ್ತ ಕೂತಿದ್ದರು. ಮೈದುನನ ಮುಖಕ್ಕೆ ಮೇಸ್ತ್ರಿ ತನ್ನ ಟವೆಲು ಕಟ್ಟಿದ್ದ.

ಯಜಮಾನರು ಅವಳನ್ನು ಕೋಣೆಗೆ ಕರೆದರು. ಕೂತುಕೋ ಅನ್ನಲಿಲ್ಲ.

"ಆಗಬಾರದ್ದು ಆಯ್ತಮ್ಮ. ಚಿನ್ನದಂಥ ಕೈ. ಆದ್ರೆ ಎದೆ ಮಾತ್ರ ಹುಟ್ಟಿದಾಗಿಂದ್ಲೇ ಸರಿ ಇರಲಿಲ್ಲ, ಅಲ್ವಾ? ಸಾಹೇಬ್ರು ಕೇಳಿದ್ರೆ ಹಂಗೇ ಹೇಳು. ಓದಿದೋಳು ನೀನು, ನಿನ್ನ ಮಾತಿಗೆ ತೂಕ ಇರುತ್ತೆ."

ಅವಳು ಚೀಲವನ್ನು ಎದೆಗೆ ಹಿಡಿದುಕೊಂಡಳು. "ಯಜಮಾನ್ರೇ, ಒಂದು ಕೇಳ್ತೀನಿ. ಇವತ್ತು ನೀರು ಬಿಟ್ಟಿದೀರಲ್ಲ, ನಾಳೆ ನಿಲ್ಲಿಸಬೇಡಿ."

"ಏನು?"

"ಎಲ್ಲರಿಗೂ ಬೇಡ. ನನ್ನ ಮೈದುನನ ಚಕ್ರ ಒಂದಕ್ಕೆ."

ಒಂದಕ್ಕೆ ಎಂದು ತನ್ನ ಬಾಯಿಂದ ಬಂದದ್ದು ಅವಳಿಗೇ ಕೇಳಿಸಿತು. ಆದರೂ ತಿದ್ದಲಿಲ್ಲ.

ಯಜಮಾನರು ನಕ್ಕರು. ಅದು ಸಿಟ್ಟಿನ ನಗುವೂ ಅಲ್ಲ. "ಒಂದಕ್ಕೆ ಬಿಟ್ರೆ ಹನ್ನೊಂದು ಜನ ಬಾಯಿ ತೆಗೀತಾರೆ. ಅಲ್ಲಮ್ಮಾ, ಒದ್ದೆ ಕಲ್ಲಲ್ಲಿ ಗೀರು ಕಾಣುತ್ತಾ? ನಿನಗೆ ಗೊತ್ತಿಲ್ಲದ್ದಾ? ಗೀರು ಉಳಿಸಿಕೊಂಡು ಬಂದ್ರೆ ನೀನೇನು ಬಿಟ್ಟುಬಿಡ್ತೀಯಾ? ನಿನ್ ಗಂಡನ ಕಲ್ಲು ವಾಪಸ್ ಹೋದಷ್ಟು ಈ ಶೆಡ್ಡಲ್ಲಿ ಯಾರದ್ದೂ ಹೋಗಿಲ್ಲ. ಅವನನ್ನ ಒಣ ಚಕ್ರಕ್ಕೆ ಮತ್ತೆ ಮತ್ತೆ ಕಳಿಸಿದ್ದು ನಾನಾ?"

ಅವಳು ಅವರ ಮೇಜಿನ ಗಾಜನ್ನು ನೋಡಿದಳು. ಅದರ ಮೇಲೆ ಒಂದು ಉದ್ದನೆಯ ಗೀರಿತ್ತು.

"ಮಾಸ್ಕ್ ತಂದ್ಯಾ?"

"ತಂದಿದೀನಿ."

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು. ಯಜಮಾನರು ಅಂಗಿ ಸರಿಮಾಡಿಕೊಂಡು ಅವಳನ್ನು ದಾಟಿ ಓಡಿದರು.

ತಪಾಸಣೆಯ ಸಾಹೇಬರು ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಚಕ್ರದಿಂದ ಚಕ್ರಕ್ಕೆ ನಡೆದರು. ಮೊದಲ ಚಕ್ರದಲ್ಲಿ ಕೂತಿದ್ದ, ಶೆಡ್ಡಿನವರೆಲ್ಲ ಬಿಳಿಹುಬ್ಬಿನ ಮಾವ ಎನ್ನುವ ಹಳೆಯ ಕೆಲಸಗಾರನ ಮಾಸ್ಕನ್ನು ಬಗ್ಗಿ ನೋಡಿದರು. ಇಪ್ಪತ್ತು ವರ್ಷದ ಪುಡಿ ಕೂತೂ ಕೂತೂ ಅವನ ಹುಬ್ಬು ತೊಳೆದರೂ ಕಪ್ಪಾಗುತ್ತಿರಲಿಲ್ಲ; ಹೆಸರೇ ಹಾಗಾಗಿತ್ತು.

"ಪರವಾಗಿಲ್ಲ, ಮಾಸ್ಕೆಲ್ಲ ಚೆನ್ನಾಗಿ ಇಟ್ಕೊಂಡಿದೀರಿ. ಹೊಸದರ ಹಂಗೇ ಇವೆ."

"ಶಿಸ್ತು ಸಾರ್. ಅದೊಂದರಲ್ಲಿ ನಾನು ರಾಜಿ ಆಗಲ್ಲ," ಎಂದರು ಯಜಮಾನರು.

ಸಾಹೇಬರು ಬರೆದುಕೊಂಡರು. ಮೈದುನನ ಮುಂದೆ ನಿಂತರು. "ಇವನ್ಯಾಕೆ ಟವೆಲು?"

"ಹೊಸಬ ಸಾರ್. ಅವನದು ಬರ್ತಾ ಇದೆ."

"ಏನಪ್ಪಾ, ಯಾವಾಗ್ಲೂ ಹಿಂಗೇ ನೀರಿರುತ್ತಾ?"

ಮೈದುನ ಮೇಸ್ತ್ರಿಯ ಮುಖ ನೋಡಿದ. "ಇರುತ್ತೆ ಸಾರ್."

ಅದನ್ನೂ ಬರೆದುಕೊಂಡರು. ಇನ್ನು ಉಳಿದದ್ದು ಕಿಟಕಿಯ ಮೇಜು. ಅವಳ ಮುಂದೆ ಮೈದುನನ ಮೊದಲ ಕಲ್ಲು ಇತ್ತು, ಇನ್ನೂ ಕಡ್ಡಿಯ ತುದಿಯಲ್ಲೇ. ಬೆಳಗಿನಿಂದ ನೀರಿನಲ್ಲಿ ಉಜ್ಜಿ, ಹೊಳೆಯುತ್ತಿದೆ ಎಂದು ನಂಬಿ ಕಳಿಸಿದ್ದ. ಅವಳು ಒರೆಸಿ ಓರೆ ಮಾಡಿದಳು. ಗುಮ್ಮಟದ ತುಂಬ ದೀಪದ ಗೆರೆ ನಡುಗಿತು.

"ನೀವೇನು ಮಾಡ್ತೀರಮ್ಮ ಇಲ್ಲಿ?"

"ಗೀರು ಹುಡುಕ್ತೀನಿ ಸಾರ್."

"ಸಿಕ್ಕಿದ್ರೆ?"

"ವಾಪಸ್ ಕಳಿಸ್ತೀನಿ."

"ಆಮೇಲೆ?" ಸಾಹೇಬರು ಗಡಿಯಾರ ನೋಡಿಕೊಳ್ಳುತ್ತ ಕೇಳಿದರು.

"ತೋರಿಸ್ತೀನಿ, ಬನ್ನಿ."

ಕಡ್ಡಿ ಹಿಡಿದು ಎದ್ದಳು. ಚೀಲ ಹೆಗಲಲ್ಲೇ ಇತ್ತು. ನಾಲ್ಕು ವರ್ಷ ಹತ್ತು ಮಾರು ದೂರದಿಂದ ನೋಡಿದ ಗಂಡನ ಚಕ್ರ. ಹತ್ತಿರ ಹೋದದ್ದು ಇವತ್ತೇ.

"ಏಳಪ್ಪ," ಎಂದಳು ಮೈದುನನಿಗೆ.

ಅವನು ಎದ್ದ. ಅವಳು ಕೂತಳು. ಕೂರುವ ಮಣೆ ಒಂದು ಕಡೆಗೆ ಸವೆದಿತ್ತು. ನಲ್ಲಿ ತಿರುಗಿಸಿದಳು. ನೀರು ನಿಂತಿತು. ಚಕ್ರ ತನ್ನ ಮೈಯ ನೀರನ್ನು ಅವಳ ಮುಖಕ್ಕೆ ಚಿಮ್ಮಿ ಕೊಡವಿಕೊಂಡು, ಹತ್ತಾರು ಸುತ್ತಿಗೆ ಒಣಗಿ, ದನಿ ಬದಲಾಯಿಸಿತು. ಆ ದನಿ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ತಲೆಗಳು ಎದ್ದವು.

ಕಲ್ಲನ್ನು ಒತ್ತಿದಳು.

ಮೊದಲು ಹೊಗೆಯ ಎಳೆಯಷ್ಟು. ಆಮೇಲೆ ಯಾರೋ ಹಿಟ್ಟಿನ ಚೀಲ ಒದರಿದಷ್ಟು. ಕಿಟಕಿಯ ಬಿಸಿಲಿನಲ್ಲಿ ಅದು ಚೆಂದವಾಗಿ ಕಾಣುತ್ತಿತ್ತು. ಅವಳ ರೆಪ್ಪೆಗಳ ಮೇಲೆ ಕೂತಿತು. ನಾಲಿಗೆಗೆ ರುಚಿಯೇ ಇಲ್ಲದ ಒರಟು ಪುಡಿ ಹತ್ತಿತು.

"ಏ ಮುಂಡೇ! ನಲ್ಲಿ ಬಿಡೇ!" ಮೇಸ್ತ್ರಿ ನುಗ್ಗಿದ.

ಮೈದುನ ಮುಖದ ಟವೆಲು ಕಿತ್ತು ಅವನ ಎದೆಗೆಸೆದು ನಲ್ಲಿಗೆ ಅಡ್ಡ ನಿಂತ. "ಕೈ ಇಡು ನೋಡೋಣ. ಮುರಿದು ಅದೇ ಚಕ್ರಕ್ಕೆ ಕೊಡ್ತೀನಿ, ಬೋಳಿಮಗನೆ."

ಮೇಸ್ತ್ರಿ ನಿಂತ.

"ಏನಮ್ಮ ಇದು? ನಿಲ್ಲಿಸಿ!" ಸಾಹೇಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಕಾಗದದ ಮೇಲೆ ಪುಡಿ ಬಿತ್ತು. ಇನ್ನೂ ಹಸಿಯಿದ್ದ ಶಾಯಿಗೆ ಅಂಟಿತು.

"ಗೀರು ಇನ್ನೂ ಹೋಗಿಲ್ಲ ಸಾರ್," ಎಂದಳು ಅವಳು ತಲೆ ಎತ್ತದೆ. "ದಿನಾ ಹಿಂಗೇ ತೆಗೆಯೋದು."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ಪುಡಿ ಹೋಯಿತು. ಬಗ್ಗಿ ಮೊಣಕಾಲು ಹಿಡಿದುಕೊಂಡು ಕೆಮ್ಮಿದರು. ಕೆಮ್ಮಿನ ನಡುವೆಯೇ ಕೂಗಿದರು: "ನೀರು... ನೀರು ಬಿಡ್ರೋ! ಉಸಿರು ಕಟ್ತಿದೆ, ಯಾವನಾದ್ರೂ ನೀರು ಬಿಡ್ರೋ ಸೂಳೆಮಕ್ಕಳಾ!"

ಯಾರೂ ಏಳಲಿಲ್ಲ. ಬಿಳಿಹುಬ್ಬಿನ ಮಾವ ನಿಧಾನವಾಗಿ ಕೈ ಚಾಚಿ ತನ್ನ ನಲ್ಲಿಯನ್ನೂ ತಿರುಗಿಸಿದ. ಅವನ ಚಕ್ರವೂ ದನಿ ಬದಲಾಯಿಸಿತು.

ಅವಳು ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. ಕಾಣುತ್ತಿರಲಿಲ್ಲ, ಕಣ್ಣ ತುಂಬ ಪುಡಿ. ಮತ್ತೆ ಒತ್ತಿದಳು. ಇನ್ನೊಂದು ಕೈಯಿಂದ ಚೀಲದ ಬಾಯಿ ಬಿಡಿಸಿ ಮಾಸ್ಕ್ ತೆಗೆದು ಯಜಮಾನರ ಮುಂದೆ ಹಿಡಿದಳು.

"ತಗೊಳ್ಳಿ ಯಜಮಾನ್ರೇ. ಅವರು ಇಸ್ಕೊಂಡಿದ್ದು."

ಯಜಮಾನರು ಸಾಹೇಬರ ಮುಖ ನೋಡಿದರು. ಆಮೇಲೆ ಕೈ ಚಾಚಿದರು.