ಒಂಟಿ ಕೆರ

ಜವೆಗೋಧಿಯ ಕೊಯ್ಲು ಶುರುವಾಗಿ ಮೂರನೆಯ ದಿನ. ಹೆಲಾ ಬಗ್ಗಿ ಕೊಯ್ದ ತೆನೆಯ ಸಿವುಡು ಕಟ್ಟುತ್ತಿದ್ದಾಗ ಊರಬಾಗಿಲಿನಿಂದ ಕರೆ ಬಂತು. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದಳು.

ಬಾಗಿಲ ಕಲ್ಲುಜಗಲಿಯ ಮೇಲೆ ಹತ್ತು ಮಂದಿ ಹಿರಿಯರು. ನಡುವೆ ಮನಸ್ಸೆ ಕುಲದ ನಾಯಕ ಎಲ್ಯಾದ, ತೊಡೆಯ ಮೇಲೆ ಕುಲದ ಕೋಲು. ಅವನ ಮುಂದೆ ನೆಲದ ಮೇಲೆ ಒಂದೇ ಕಾಲಿನ ಹಳೆಯ ಕೆರ.

"ನಿನ್ನ ಗಂಡ ಶೆಮೇರ ಯುದ್ಧಕ್ಕೆ ಹೊರಡೋ ಹಿಂದಿನ ದಿನ ಹೊಲ ನಂಗೆ ಕೊಟ್ಟ. ಕೆರ ಬಿಚ್ಚಿ ಕೈಗಿಟ್ಟ. ಇವರಿಬ್ಬರೂ ನೋಡಿದ್ದಾರೆ," ಎಂದ ಎಲ್ಯಾದ. ಹಿಂದೆ ನಿಂತಿದ್ದ ಅವನ ಆಳುಗಳು ತಲೆಯಾಡಿಸಿದರು.

ಕುಲದ ಕಟ್ಟಳೆಯಲ್ಲಿ ಕೆರ ಬಿಚ್ಚಿ ಕೊಟ್ಟರೆ ನೆಲ ಕೊಟ್ಟ ಹಾಗೆ, ಆಮೇಲೆ ಮಾತಿಲ್ಲ. ಹೆಲಾ ಅದನ್ನು ಎತ್ತಿಕೊಂಡು ಹಿಮ್ಮಡಿಯ ಬಾರು ಸವರಿದಳು. ಮೇಕೆ ನರದ ಹೊಲಿಗೆ. ಗಂಡನದೇ.

"ಈ ಹೊಲಿಗೆ ನಾನು ಹಾಕಿದ್ದು ಅವನು ಹೊರಟ ಬೆಳಿಗ್ಗೆ. ಎರಡೂ ಕಾಲಿಗೆ ನಾನೇ ಕಟ್ಟಿ ಕಳಿಸಿದೆ. ಹೆಣ ತಂದೋನು ನೀನು. ಅವತ್ತು ಒಂದು ಕಾಲು ಬರಿದಾಗಿತ್ತು. ಎಲ್ಲಿ ಬಿದ್ದುಹೋಯ್ತೋ ಅಂತ ಅತ್ತಿದ್ದೆ ಕಣೋ!"

"ಕುಲದ ನಾಯಕರಿಗೆ 'ಕಣೋ' ಅಂತೀಯಾ?" ಗದರಿದ ಹಿರಿಯ ಯಾಕಾನ. ಆಮೇಲೆ ದನಿ ಇಳಿಸಿ, "ಇಬ್ಬರು ಸಾಕ್ಷಿ ಬೇಕವ್ವ. ಅವರ ಕಡೆ ಇದ್ದಾರೆ. ನಿನ್ನ ಕಡೆ?"

"ನೀವೂ ಹೆಣಕ್ಕೆ ಹೆಗಲು ಕೊಟ್ಟಿದ್ರಲ್ಲ, ಯಾಕಾನಪ್ಪ. ಕಾಲು ಕಾಣಲಿಲ್ವಾ?"

ಯಾಕಾನ ಗಡ್ಡ ನೀವಿಕೊಳ್ಳುತ್ತ ಬಾಗಿಲಾಚೆ ಕಟ್ಟಿದ್ದ ಕತ್ತೆಗಳ ಕಡೆ ನೋಡಿದ. ಉಳಿದವರಲ್ಲಿ ಯಾರೂ ಸಾಕ್ಷಿಗೆ ಏಳಲಿಲ್ಲ.

"ಮುಗೀತು," ಎಂದು ಎಲ್ಯಾದ ಎದ್ದ. "ಬೇಕಾದ್ರೆ ಕೊಯ್ದ ಮೇಲೆ ಉದುರಿದ ಹಕ್ಕಲು ಆಯ್ಕೋ. ಬೇಡ ಅನ್ನಲ್ಲ ನಾನು."

"ನನ್ನ ಹೊಲದಲ್ಲಿ ನಾನೇ ಹಕ್ಕಲು ಆಯ್ಬೇಕಾ?" ಹೆಲಾ ಅವನ ಕಾಲ ಬಳಿ ಉಗಿದಳು. "ಹೆಣದ ಕೆರ ಬಿಚ್ಚಿದೋನ ಮನೆ! ಇನ್ನು ಇದೇ ನಿನ್ನ ಮನೆ ಹೆಸರು."

ಕೆರವನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದಳು.

"ಅದನ್ನ ಇಟ್ಟು ಹೋಗು!"

"ಬಾ, ಕಿತ್ಕೋ. ಹೆಣದಿಂದ ಕಿತ್ತೋನಿಗೆ ಇದೇನು ಕಷ್ಟ?"

ಎಲ್ಲರೂ ನೋಡುತ್ತಿದ್ದರು. ಎಲ್ಯಾದ ಕೈ ಚಾಚಲಿಲ್ಲ.

ಸಂಜೆಯೊಳಗೆ ಅವನ ಆಳುಗಳು ಅವಳು ಕಟ್ಟಿದ್ದ ಸಿವುಡುಗಳನ್ನೂ ಹೊತ್ತೊಯ್ದರು. ಮೂರು ದಿನದ ದುಡಿಮೆಗೆ ಒಂದು ಹಿಡಿ ಕಾಳು ಕೂಡ ಅವಳಿಗೆ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಅವಳು ಹೆಣ ಇಟ್ಟಿದ್ದ ಗವಿಯ ಬಾಯಿಯ ಕಲ್ಲು ಸರಿಸಿ, ಕೆರವನ್ನು ಗಂಡನ ಬರಿಗಾಲಿನ ಬಳಿ ಇಟ್ಟು ಬಂದಳು.

ಮರುದಿನ ಎಲ್ಯಾದನ ಸೊಸೆ ಬಾವಿಗೆ ಬಂದಾಗ, ಯಾಕಾನನ ಹೆಂಡತಿ ತನ್ನ ಕೊಡ ಎತ್ತಿಕೊಂಡು ಹೇಳಿದಳು: "ಸರೀರೇ ಅತ್ಲಾಗೆ, ಕೆರ ಬಿಚ್ಚಿದೋರ ಮನೆಯಾಕೆ ಬಂದ್ಲು."