ರಕ್ತಕ್ಕೆ ಇಳಿತವಿಲ್ಲ

ಬಂಗಡೆಯ ಹೊಟ್ಟೆ ಸೀಳಿ, ಪಿತ್ತದ ಚೀಲ ಒಡೆಯದ ಹಾಗೆ ಹೆಬ್ಬೆರಳಿನಿಂದ ಕರುಳು ಎಳೆಯುತ್ತಿದ್ದೆ. ಅದು ಒಡೆದರೆ ಸಾರೆಲ್ಲ ಕಹಿ. ಪಕ್ಕದಲ್ಲಿ ನನ್ನ ತಮ್ಮನ ಹೆಂಡತಿ ಗಣಪಿ ಕಾಯಿ ತುರಿಯುತ್ತಿದ್ದಳು. ತಮ್ಮ ಬೀರಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೂರನೇ ಲೋಟ ಮುರುಗಲ ಹಣ್ಣಿನ ಶರಬತ್ತು ಮುಗಿಸಿದ. ಆಮೇಲೆ ನಮ್ಮೂರು ಕಾಸರಕೋಡಿಗೆಲ್ಲ ಕೇಳುವ ಹಾಗೆ ತೇಗಿದ.

“ಕೇಳ್ತನೇ ಅಕ್ಕ? ಹೋತು. ಗ್ಯಾಸು, ಅಷ್ಟೇಯ.”

“ತೇಗು ಬಂದದ್ದು ಹೊಟ್ಟೆಯಿಂದ ತಮಾ. ನಿನ್ನ ನೋವು ಎದೇದು.”

ಈ ಜಗಳಕ್ಕೆ ಐದು ತಿಂಗಳಾಗಿತ್ತು. ಹೊನ್ನಾವರದ ಹೃದಯ ತಪಾಸಣೆ ಶಿಬಿರದಲ್ಲಿ ಡಾಕ್ಟರು ಇವನ ಇಸಿಜಿ ನೋಡಿ, ಎದೆಗೆ ರಕ್ತ ಕೊಡುವ ನಾಳ ಕಟ್ಟಿರಬಹುದು, ಮಣಿಕಟ್ಟಿನಿಂದ ಸಪೂರ ತಂತಿ ತೂರಿಸಿ ಪರೀಕ್ಷೆ ಮಾಡಬೇಕು, ತಡ ಮಾಡಬೇಡಿ ಎಂದಿದ್ದರು. ರೋಗಿಯ ಸಹಿ ಇರುವ ಒಪ್ಪಿಗೆ ಪತ್ರ ಅಂಚೆಯಲ್ಲಿ ತಲುಪಿದರೆ ಅವರ ದೂರದ ಊರಿನ ಆಸ್ಪತ್ರೆಯವರು ದಿನ ಗೊತ್ತು ಮಾಡುತ್ತಾರೆ. ಪತ್ರವನ್ನು ಅದೇ ವಾರ ನಾನೇ ಬರೆದೆ. ಅವನು ಸಹಿ ಹಾಕಲಿಲ್ಲ. ಪತ್ರ ಅಕ್ಕಿ ಡಬ್ಬದ ಮೇಲೆ ಕೂತಿತು. ಬೀರಪ್ಪ ಗ್ಯಾಸಿನ ಮಾತ್ರೆ ನುಂಗುತ್ತ, ಶರಬತ್ತು ಕುಡಿಯುತ್ತ, ದೋಣಿ ಹೊಡೆಯುತ್ತ ಇದ್ದ.

ಗಣಪಿ ತುರಿಯುವುದನ್ನು ನಿಲ್ಲಿಸಿದಳು. “ಗ್ಯಾಸಾದ್ರೆ ಉಂಡ ಮೇಲೆ ಬರ್ಬೇಕಲ್ಲ ಅತ್ತಿಗೆ. ಇವರಿಗೆ ಖಾಲಿ ಹೊಟ್ಟೇಲಿ ದೋಣಿ ಎಳೂವಾಗ ಬತ್ತದೆ.”

“ಶರಬತ್ತು ಕುಡಿದ್ರೆ ಹೋತದಲ್ಲ, ಅದಕ್ಕೆಂತ ಹೇಳ್ತಿ?” ಎಂದ ಬೀರಪ್ಪ.

“ಶರಬತ್ತು ಕುಡೂಕೆ ನೀವು ಕೂತ್ಕಂತ್ರಿ. ಕೂತಿದ್ದಕ್ಕೇ ಹೋತದೆ. ಸುಮ್ಮನೆ ಕೂತು ನೋಡಿ, ನನ್ನ ಸಕ್ಕರೆಯಾದ್ರೂ ಉಳೀತದೆ.”

ನಾನು ನಕ್ಕೆ. ಬೀರಪ್ಪನೂ ನಗಬೇಕಾಯಿತು. ಆದರೂ ಬಿಡಲಿಲ್ಲ. “ಉಂಡದ್ದು ಹೊಟ್ಟೇಲಿ ಬೆಂದು ರಕ್ತ ಆತದೆ. ಹೊಟ್ಟೆ ಕೆಟ್ರೆ ರಕ್ತ ಕೆಡ್ತದೆ, ಎದೆ ನೋಯ್ತದೆ. ಹೊಟ್ಟೆ ಸರಿ ಮಾಡ್ಕಂಡ್ರೆ ಆತು.”

ಕೈಯಲ್ಲಿದ್ದ ಬಂಗಡೆಯನ್ನೇ ಅವನ ಮುಂದೆ ಹಿಡಿದೆ. “ಇಲ್ಲಿ ನೋಡು. ಇದು ಜಠರ, ಇದು ಕರುಳು. ನಮ್ಮದೂ ಹೀಗೇ, ಆದರೆ ನಿನ್ನ ದೋಣಿ ಹಗ್ಗದಷ್ಟು ಉದ್ದ. ಹೊಟ್ಟೆ ರಕ್ತ ಮಾಡೂದಿಲ್ಲ, ಉಂಡದ್ದನ್ನ ಅರೀತದೆ. ಸಣ್ಣ ಕರುಳು ಅದರ ಸಾರ ಹೀರಿ ರಕ್ತಕ್ಕೆ ದಾಟಿಸ್ತದೆ. ರಕ್ತ ಹೊತ್ಕಂಡು ಹೋಗಿ ಮೈಗೆಲ್ಲ ಹಂಚ್ತದೆ. ಹಗಲೂ ರಾತ್ರಿ ದುಡಿಯೋ ಎದೆಗೂ ಅದೇ ಊಟ. ಅದರ ಪಾಲು ತರೋ ನಾಳವೇ ಕಟ್ಟಿದ್ರೆ ಅದು ಉಪವಾಸ ಹುಟ್ಟು ಹಾಕ್ಬೇಕು. ನೋಯದೆ ಇರ್ತದಾ?”

“ನೀನು ಎದೆಗೆ ಎರಡು ಕೋಣೆ ಬರೆದವಳಲ್ಲವನೇ!”

ಅದು ನಿಜ. ದೊಡ್ಡವರ ಶಾಲೆಗೆ ಅಕ್ಷರ ಕಲಿಯಲು ಹೋಗುತ್ತಿದ್ದಾಗ ವನಮಾಲಾ ಟೀಚರು ಹೃದಯದ ಚಿತ್ರ ಬರೆಯಲು ಹೇಳಿದ್ದರು. ನಲವತ್ತು ವರ್ಷ ಮೀನು ಕೊಯ್ದವಳು ನಾನು, ಹೃದಯ ಗೊತ್ತಿಲ್ಲವೇ ಎಂದುಕೊಂಡು, ಗಂಟಲಿನ ಬುಡಕ್ಕೇ ಎರಡು ಕೋಣೆಯ ಹೃದಯ ಬರೆದಿಟ್ಟೆ. ಮೀನಿಗೆ ಅದು ಸರಿ. ಮನುಷ್ಯರಿಗೆ ನಾಲ್ಕು ಕೋಣೆ. ಟೀಚರು ಅತ್ತೇ ಬಿಡುವಷ್ಟು ನಕ್ಕಿದ್ದರು.

“ಹೌದೋ, ತಪ್ಪು ಬರೆದೆ. ತಿದ್ದಿಕೊಂಡೆ. ನೀನು ಸಹಿ ಎಂತಕ್ಕೆ ಹಾಕೂದಿಲ್ಲ, ಅದನ್ನ ಹೇಳು. ಗ್ಯಾಸಿನ ಕತೆ ಬೇಡ.”

ಬೀರಪ್ಪ ಲೋಟ ಕೆಳಗಿಟ್ಟ. ಹೊಳೆ ಕಡಲು ಸೇರುವ ಅಳಿವೆಯ ಕಡೆ ಕೈ ತೋರಿಸಿದ.

“ಆ ತಂತಿ ಅಕ್ಕ. ಅಳಿವೇಲಿ ಇಳಿತ ಎಳೂಕೆ ಶುರುವಾದ್ರೆ ಕಬ್ಬಿಣದ ಲಂಗರೇ ನಿಲ್ಲೂದಿಲ್ಲ. ಮೈಯೊಳಗೆ ರಕ್ತ ಒಂದ್ಸಲ ಎದೆಗೆ ಏರ್ತದೆ, ಒಂದ್ಸಲ ಇಳೀತದೆ. ಡಾಕ್ಟರು ತಂತಿ ಹಾಕಿದಾಗಲೇ ರಕ್ತ ಒಳಗೆ ಸೆಳೆದ್ರೆ? ಕೂದಲಿನಂತ ತಂತಿ. ಎಲ್ಲಿಗೆ ಹೋತದೆ ಅದು?”

ಗಣಪಿ ನಗಲಿಲ್ಲ. ನಾನೂ ನಗಲಿಲ್ಲ. ಹುಟ್ಟಿದಾಗಿನಿಂದ ಉಬ್ಬರ ಇಳಿತ ನೋಡಿ ಬೆಳೆದವನು. ನೀರೆಂದರೆ ಬಂದ ದಾರಿಯಲ್ಲೇ ಹೋಗುವುದು ಎಂದು ಅವನಿಗೆ ಗೊತ್ತು. ಐದು ತಿಂಗಳು ಇದನ್ನು ಕೇಳದೆ ಬರೀ ಬೈದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಸೋಪು ಹಾಕಿ ಕೈ ತೊಳೆದು ಬಂದು ಅವನ ಪಕ್ಕ ಕೂತೆ. ಗಣಪಿಯ ಕೈಯಿಂದ ಕೈ ಒರೆಸುವ ಪಂಜಿ ಇಸಿದುಕೊಂಡು ಅವನ ತೋಳಿಗೆ ಸ್ವಲ್ಪ ಬಿಗಿಯಾಗಿ ಸುತ್ತಿದೆ. ಹುಟ್ಟು ಹಾಕಿದ ಕೈ. ಕ್ಷಣದಲ್ಲಿ ನೀಲಿ ನರಗಳು ಉಬ್ಬಿ ನಿಂತವು. ಪುಸ್ತಕದಲ್ಲಿ ಇವಕ್ಕೆ ಅಭಿಧಮನಿ ಎನ್ನುತ್ತಾರೆ. ನಾನು “ವಾಪಸು ಹೊಳೆ” ಎಂದೆ.

ಮಣಿಕಟ್ಟಿನ ಹತ್ತಿರ ಒಂದು ನರವನ್ನು ಬೆರಳಿನಿಂದ ಒತ್ತಿ ಹಿಡಿದೆ. ಇನ್ನೊಂದು ಬೆರಳಿನಿಂದ ಅದನ್ನು ಮೊಣಕೈ ಕಡೆಗೆ ಸವರಿ, ಮೇಲಿನ ಬೆರಳು ತೆಗೆದೆ. ನಡುವಿನ ನರ ಚಪ್ಪಟೆಯಾಗಿ ಕಾಣದಂತಾಯಿತು.

“ಈಗ ಮೇಲೆ ರಕ್ತ ಅದೆ. ನೀನು ಹೇಳೋ ಇಳಿತ ಇದ್ರೆ ಕೆಳಗೆ ಬರ್ಬೇಕು. ಬಂತಾ?”

ಬೀರಪ್ಪ ಬಗ್ಗಿ ನೋಡಿದ. ಗಣಪಿಯೂ ಕಾಯಿತುರಿ ಕೈಯಲ್ಲೇ ಬಗ್ಗಿದಳು. ಬರಲಿಲ್ಲ. ಕೆಳಗಿನ ಬೆರಳು ಬಿಟ್ಟೆ. ನರ ಕೆಳಗಿನಿಂದ ಸರಕ್ಕನೆ ತುಂಬಿತು.

“ಇನ್ನೊಂದ್ಸಲ” ಎಂದ. ಮಾಡಿದೆ. “ಇರು, ನಾನು ಮಾಡ್ತೆ.” ಅವನೇ ಒತ್ತಿ, ಸವರಿ, ಬಿಟ್ಟ. ಮತ್ತೆ ಮತ್ತೆ.

ಗಣಪಿ ಕೂಗಿದಳು. “ಅತ್ತಿಗೆ, ಇದು ನಮ್ಮ ಗಜನಿ ಬಾಗಿಲು!”

ಅವಳ ತವರು ಕುಮಟೆಯ ಅಘನಾಶಿನಿ ದಂಡೆ. ಅಲ್ಲಿ ಹೊಳೆ ಪಕ್ಕದ ಗಜನಿ ಗದ್ದೆಯ ಕಟ್ಟೆಗೆ ಹಲಗೆಯ ಬಾಗಿಲು ಇಟ್ಟಿರುತ್ತಾರೆ. ಗದ್ದೆಯ ನೀರು ಹೊರಗೆ ಹೋಗುವಾಗ ತೆರೆಯುತ್ತದೆ. ಉಬ್ಬರದ ಉಪ್ಪುನೀರು ಒಳಗೆ ನುಗ್ಗಲು ನೋಡಿದರೆ ನೀರಿನ ಒತ್ತಡಕ್ಕೇ ಮುಚ್ಚಿಕೊಳ್ಳುತ್ತದೆ. ಪುಸ್ತಕ ಓದಿದ ನನಗೆ ಇದು ಹೊಳೆದಿರಲಿಲ್ಲ.

“ಅದೇ ಮಾರಾಯ್ತಿ! ನರದೊಳಗೆ ಅಂತಾ ಬಾಗಿಲು ಸಾಲಾಗಿ ಅದೆ. ರಕ್ತಕ್ಕೆ ಹೋಗೂಕೆ ಒಂದು ದಾರಿ, ಬರೂಕೆ ಇನ್ನೊಂದು. ಸುತ್ತು ಹೊಡೀತದೆ, ಹಿಂದೆ ಮುಂದೆ ತೂಗೂದಿಲ್ಲ.”

ಪಂಜಿ ಬಿಚ್ಚಿ, ಅವನ ಬೆರಳನ್ನು ಅವನದೇ ಮಣಿಕಟ್ಟಿನ ನಾಡಿಯ ಮೇಲೆ ಇಟ್ಟೆ. “ಇದು ಹೋಗೋ ಹೊಳೆ. ಎದೆಯಿಂದ ಬೆರಳಿನ ಕಡೆಗೆ. ತಂತಿ ಹಾಕೂದು ಇದರಲ್ಲಿ. ಈಗ ನೀನೇ ಹೇಳು, ದೋಣಿಯವ. ಹೊಳೆಗೆ ಎದುರು ಹೋಗುವಾಗ ಕೈ ಬಿಟ್ರೆ ಎಲ್ಲಿಗೆ ತೇಲ್ತದೆ?”

ಅವನು ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಲೆಕ್ಕ ಹಾಕಿದ. ಮುಖ ಅರಳಿತು.

“ಬಂದ ಕಡೆಗೇ! ಡಾಕ್ಟರ ಕಡೆಗೇ ತಳ್ತದೆ!”

“ಮತ್ತೆ ಇನ್ನೊಂದು ತುದಿ ಯಾವಾಗ್ಲೂ ಅವರ ಕೈಲೇ ಇರ್ತದೆ.”

“ಪೆನ್ನು ತಗಂಬಾರೇ” ಎಂದು ಹೆಂಡತಿಗೆ ಹೇಳಿದ. ಪತ್ರವನ್ನು ಎರಡು ಸಲ ಓದಿಸಿಕೊಂಡು, ನಾಲಿಗೆ ಕಚ್ಚಿಕೊಂಡು ಸಹಿ ಹಾಕಿದ. ಹಾಕಿದವನು ಬಂಗಡೆ ಸಾರಿಗೂ ಕಾಯಲಿಲ್ಲ. ಮೂವರೂ ಟೆಂಪೋ ಹತ್ತಿ ಸೇತುವೆ ದಾಟಿದೆವು.

ಹೊನ್ನಾವರದ ಅಂಚೆ ಕಚೇರಿಯಲ್ಲಿ ಆರು ಜನರ ಸಾಲು. ಬೀರಪ್ಪನಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಮುಂದೆ ನಿಂತವನ ಕೈ ಹಿಡಿದು “ಇಲ್ಲಿ ಒತ್ತು, ಹೀಗೆ ಸವರು” ಎಂದು ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಸಾಲಿನವರೆಲ್ಲ ಚೀಲ ಕೆಳಗಿಟ್ಟು ತಮ್ಮ ತಮ್ಮ ಕೈ ಒತ್ತಿಕೊಳ್ಳುತ್ತಿದ್ದರು. ಒಬ್ಬಳು ದಪ್ಪನೆಯ ಹೆಂಗಸು “ನಂಗೆ ನರವೇ ಸಿಕ್ಕೂದಿಲ್ಲ!” ಎಂದು ಬೇಜಾರು ಮಾಡಿಕೊಂಡಳು.

ಕೌಂಟರಿನ ಗುರುದತ್ತ ಕನ್ನಡಕ ಮೇಲೆತ್ತಿದ. “ಇದು ದವಾಖಾನೆ ಅಲ್ಲ ಮಾರಾಯ್ರೆ. ಮುಂದೆ ಬನ್ನಿ.” ಹಾಗೆಂದವನು ಮೇಜಿನ ಕೆಳಗೆ ತನ್ನ ಕೈಯನ್ನೂ ಒತ್ತಿ ನೋಡಿಕೊಂಡದ್ದು ನನಗೆ ಕಂಡಿತು.

ಗಣಪಿ ಲಕೋಟೆ ಚಾಚಿದಳು. ಬೀರಪ್ಪ ಅವಳ ಕೈಯಿಂದ ಕಸಿದುಕೊಂಡು ತಾನೇ ಕೊಟ್ಟ.

“ಸ್ಪೀಡ್ ಪೋಸ್ಟಾ?” ಗುರುದತ್ತ ಕೇಳಿದ.

“ಹೌದು. ಐದು ತಿಂಗಳು ತಡ ಆತು” ಎಂದ ಬೀರಪ್ಪ.

ಗುರುದತ್ತ ಲಕೋಟೆ ತೂಗಿ, ಚೀಟಿ ಅಂಟಿಸಿ, ಠಪ್ಪೆಂದು ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಹಾಕಿದ.